ಸಣ್ಣವ್ವನ ಕೋಟೆಯಾಟ

ನಮ್ಮ ಸಣ್ಣವ್ವ ಒಂದು ಮಧ್ಯಾಹ್ನದಲ್ಲಿ ಸಾಯುತ್ತಿದ್ದಷ್ಟು ಸಲ ನಮ್ಮ ಇಡೀ ವಂಶದಲ್ಲಿ ಯಾರೂ ಸತ್ತಿಲ್ಲ! ಬೆಳಗಿನ ಲಿಂಗಪೂಜೆ, ಜೋಳದ ರೊಟ್ಟಿ, ಒಗ್ಗರಣೆ, ಊಟ ಎಲ್ಲ ಮುಗಿಸಿ, ಹಣೆಯ ಮೇಲಿನ ವಿಭೂತಿ ಮಾಸುವ ಮೊದಲೇ ಟಿ.ವಿ. ಮುಂದೆ ಕೂತು ಸಾಯಲು ಶುರು ಮಾಡಿದಳೆಂದರೆ ಸಂಜೆ ಹಾಲಿನವನು ಬರುವವರೆಗೂ ಅದೇ ಕಸುಬು. ಕತ್ತಿ ತಾಗಿ ಸತ್ತಳು. ಕಂದಕಕ್ಕೆ ಬಿದ್ದು ಸತ್ತಳು. ಬಾಗಿಲ ಸಂದಿಯಲ್ಲಿ ಅಡಗಿದ್ದವನ ಭರ್ಜಿಗೆ ಸಿಕ್ಕು ಸತ್ತಳು. ನಡುವೆ ಎದ್ದು ಹೋಗಿ ಚಹಾ ಕುಡಿದು ಬಂದು, ಸೆರಗು ಸರಿ ಮಾಡಿಕೊಂಡು, ಮತ್ತೆ ಸತ್ತಳು. ಪಕ್ಕದ ಮನೆಯವರು "ಅಕ್ಕೋರು ಏನ್ ಮಾಡಾಕತ್ತಾರ್ರಿ?" ಎಂದು ಕೇಳಿದರೆ ಆಕೆಯ ಗಂಡ, ನಮ್ಮ ಕಾಕಾ, ಶಾಂತವಾಗಿ "ಒಳಗ ಸಾಯಾಕತ್ತಾಳ್ರಿ, ಕುಂದರ್ರಿ" ಅನ್ನುತ್ತಿದ್ದರು. ಬಂದವರು ಗಾಬರಿಯಾಗದೆ ಏನು ಮಾಡಿಯಾರು?

ಸಣ್ಣವ್ವ ಅಂದರೆ ನನ್ನ ತಾಯಿಯ ತಂಗಿ. ತವರು ಇಳಕಲ್ಲು, ಗಂಡನ ಮನೆ ಬಾಗಲಕೋಟೆ. ಹಳೆಯ ಊರು ಹಿನ್ನೀರಿನ ಪಾಲಾದಾಗ ಎಲ್ಲರ ಜೊತೆ ನವನಗರಕ್ಕೆ ಬಂದು ಒಂದು ಸೆಕ್ಟರಿನಲ್ಲಿ ಮನೆ ಕಟ್ಟಿಕೊಂಡರು. ನಿವೃತ್ತಿಯಾಗುವವರೆಗೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿದಳು, ಹಾಗಾಗಿ ಊರಿಗೆಲ್ಲ 'ಅಕ್ಕೋರು'. ಕಲಿಸಿದಳು ಅನ್ನುವುದಕ್ಕಿಂತ ನಪಾಸು ಮಾಡಿದಳು ಅಂದರೆ ನಮ್ಮೂರವರಿಗೆ ಬೇಗ ಗುರುತು ಹತ್ತುತ್ತದೆ. ಗ್ರೇಸ್ ಮಾರ್ಕ್ಸ್ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಆಕೆಗೆ ಮೈಯೆಲ್ಲ ಉರಿ. "ಪಾಸಿಗೆ ಒಂದ ಮಾರ್ಕ ಕಡಿಮಿ ಅಂದ್ರ ಕಡಿಮೀನ. ಅದನ್ನ ತುಂಬಿ ಕೊಡಾಕ ನಾ ಯಾರು? ಅವನ ಸೋಲು ಅವನದು. ಅದಕ್ಕ ಕೈ ಹಾಕಬಾರದು" ಎಂಬುದು ಆಕೆಯ ಸಿದ್ಧಾಂತ. ಹೀಗಾಗಿ ನವನಗರದ ಅರ್ಧ ಮಾರ್ಕೆಟ್ಟು ಆಕೆಯ ಕೈಯಲ್ಲಿ ಒಮ್ಮೆಯಾದರೂ ನಪಾಸಾಗಿದೆ. ಕಾಯಿಪಲ್ಲೆಯವನು ಎಲ್ಲರಿಗೂ ತೂಕದ ಮೇಲೆ ನಾಲ್ಕು ಮೆಣಸಿನಕಾಯಿ ಕೊಸರು ಹಾಕುತ್ತಾನೆ, ಈಕೆಗೆ ಮಾತ್ರ ಹಾಕುವುದಿಲ್ಲ. "ಹಾಕಿದ್ರ ಅಕ್ಕೋರು ಬೈತಾರ್ರಿ" ಅನ್ನುತ್ತಾನೆ!

ಕಾಕಾ ಇದಕ್ಕೆ ತದ್ವಿರುದ್ಧ. ಬಾಗಲಕೋಟೆಯಿಂದ ಹುನಗುಂದದ ಮೇಲೆ ಇಳಕಲ್ಲಿಗೆ ಬಸ್ಸು ಓಡಿಸುತ್ತಿದ್ದ ಡ್ರೈವರು. ಮಾತು ಕಮ್ಮಿ. ಓಡುತ್ತ ಬರುವ ಯಾವ ಮುದುಕಿಯನ್ನೂ ಬಿಟ್ಟು ಬಸ್ಸು ಹೊಡೆದವರಲ್ಲ. ಮಕ್ಕಳಿಲ್ಲ. ಆ ಮನೆಯಲ್ಲಿ ಮಾತೆಲ್ಲ ಸಣ್ಣವ್ವನದು, ಕೇಳುವ ಕೆಲಸ ಕಾಕಾನದು. ಇಬ್ಬರಿಗೂ ತಮ್ಮ ತಮ್ಮ ಪಾಲಿನ ಕೆಲಸ ಮನಸ್ಸಿಗೆ ಒಗ್ಗಿತ್ತು.

ಇಂಥ ಮನೆಗೆ ವಿಡಿಯೋ ಗೇಮು ಹೇಗೆ ಬಂತು ಅಂತೀರಾ? ಅದನ್ನು ಕೊಂಡವನು ನಾನು. ಬ್ಯಾಂಕಿನಿಂದ ಬಂದವನು ಬೂಟು ಕೂಡ ಬಿಚ್ಚದೆ ಆಡಲು ಕೂರುವುದನ್ನು ನೋಡಿ ನೋಡಿ ನನ್ನ ಹೆಂಡತಿ ಒಂದು ದಿನ, "ಈ ಮನ್ಯಾಗ ಅದಾರ ಇರಬೇಕ, ನಾನಾರ ಇರಬೇಕ" ಎಂದು ಬ್ಯಾಗು ಹಿಡಿದು ನಿಂತಳು. ನಾನು ಸ್ವಲ್ಪ ಹೊತ್ತು ಯೋಚಿಸಿದೆ. ಯೋಚಿಸಿದ್ದೇ ತಪ್ಪಾಯಿತು! ಅಂದೇ ಡಬ್ಬಿ, ವೈರು, ಎರಡು ರಿಮೋಟು, ಎಲ್ಲವನ್ನೂ ಗಂಟು ಕಟ್ಟಿ ಸಣ್ಣವ್ವನ ಮನೆಯಲ್ಲಿ ಇಟ್ಟು ಬಂದೆ. ಆಗಾಗ ಮಾತಾಡಿಸುವ ನೆಪದಲ್ಲಿ ಹೋಗಿ ಆಡಿ ಬರಬಹುದೆಂಬ ಹೊಂಚು ನನ್ನದು. ಆದರೆ ಮುಂದಿನ ಸಲ ಹೋದಾಗ ಸಣ್ಣವ್ವ ರಿಮೋಟು ಕೊಡಲೇ ಇಲ್ಲ.

ಅದರೊಳಗೆ ಒಂದು ಕೋಟೆಯ ಆಟವಿತ್ತು. ಒಬ್ಬ ಕತ್ತಿವೀರ. ಒಂದು ಹಾಳುಕೋಟೆ. ಸೇತುವೆ, ಕಾವಲುಗಾರರು, ಬಾಗಿಲ ಮೇಲೆ ಬಾಗಿಲು. ಕಟ್ಟಕಡೆಯ ಬಾಗಿಲಲ್ಲಿ ಒಬ್ಬ ರಾಕ್ಷಸ. ಆಟ ಶುರುವಾಗುವ ಮುನ್ನ ಸುಲಭ, ಸಾಧಾರಣ, ಕಠಿಣ, ಇವುಗಳಲ್ಲಿ ಯಾವುದು ಬೇಕೆಂದು ಕೇಳುತ್ತದೆ. ಸಣ್ಣವ್ವ ಕನ್ನಡಕ ಏರಿಸಿ ಅದನ್ನು ಓದಿದವಳೇ ನನ್ನ ಕಡೆ ತಿರುಗಿದಳು.

"ಪರೀಕ್ಷಾಕ್ಕ ಮೊದಲ, ಪೇಪರ್ ಹೆಂಗ ಇರಬೇಕ ಅಂತ ಹುಡುಗೂರನ್ನ ಕೇಳ್ತಾರೇನೋ?"

"ಹಂಗಲ್ಲ ಸಣ್ಣವ್ವ, ಹೊಸಬರು ಸುಲಭದ್ದು ತಗೋತಾರ..."

"ಸುಲಭದ್ದ ತಗೊಂಡು ಗೆದ್ದಾವ್ಗ ತಾ ಗೆದ್ದೆ ಅನಸತೈತೇನು? ಆಟ ಮಾಡಿದಾವ ಗೆಲಿಸಿ ಕಳಿಸಿದಾ ಅನಸತೈತಿ!"

ಅಷ್ಟು ಹೇಳಿ ಕಠಿಣದ ಗುಂಡಿ ಒತ್ತಿದಳು. ಮೊದಲ ಕಾವಲುಗಾರನೇ ಕಡಿದು ಹಾಕಿದ. ಸಣ್ಣವ್ವನ ಮುಖದಲ್ಲಿ ಅಂಥ ಸಂತೋಷವನ್ನು ನಾನು ಆಕೆ ನಿವೃತ್ತಿಯಾದ ಮೇಲೆ ನೋಡಿರಲೇ ಇಲ್ಲ.

ಅಂದಿನಿಂದ ಆಟಗಳ ಬಗ್ಗೆ ಆಕೆಯ ಅಭಿಪ್ರಾಯಗಳ ಮಳೆ ನಮ್ಮೆಲ್ಲರ ಮೇಲೆ ಸುರಿಯತೊಡಗಿತು. ಫೋನಿನಲ್ಲಿ ಬರುವ ಬಣ್ಣಬಣ್ಣದ ಆಟಗಳನ್ನು ಕಂಡರೆ ಆಕೆಗೆ ಆಗುತ್ತಿರಲಿಲ್ಲ. ಅವುಗಳಲ್ಲಿ ಜೀವ ಮುಗಿದರೆ ದುಡ್ಡು ಕೊಟ್ಟು ಜೀವ ಕೊಳ್ಳಬೇಕಲ್ಲ! "ಇವರು ಯಾರಂತ ನನಗ ಗೊತ್ತು. ಪೇಪರ್ ತಾವ ಬಿಗಿ ತಗದು, ಸಂಜಿಕ ತಮ್ಮ ಮನ್ಯಾಗ ಟ್ಯೂಷನ್ ಹೇಳಾವ್ರು" ಅಂದಳು. ಹೆಜ್ಜೆ ಹೆಜ್ಜೆಗೂ ಬಾಣದ ಗುರುತು ತೋರಿಸಿ ದಾರಿ ಹೇಳುವ ಆಟಗಳು ಕಂಡರಂತೂ, "ಇದೇನು ಆಟೋ, ಮದುವಿ ಮನೀ ದಾರೀನೋ?" ಎಂದು ಆರಿಸಿಬಿಡುತ್ತಿದ್ದಳು. ಕೋಟೆಯಾಟವನ್ನು ಮಾತ್ರ ಬಾಯಿ ತುಂಬ ಹೊಗಳುತ್ತಿದ್ದಳು. ಅದರಲ್ಲಿ ಎತ್ತೆತ್ತಲೋ ಸುತ್ತಿ, ಏಣಿ ಹತ್ತಿ, ಗವಿ ದಾಟಿ, ಇನ್ನೇನು ದಾರಿ ತಪ್ಪಿತು ಅನ್ನುವಷ್ಟರಲ್ಲಿ ಒಂದು ಸಣ್ಣ ಬಾಗಿಲು ತೆಗೆದರೆ ಹಳೆಯ ಸೇತುವೆಯ ಹತ್ತಿರವೇ ಬಂದಿರುತ್ತೇವೆ. "ಹಳೀ ಬಾಗಲಕೋಟಿ ಓಣಿ ಇದ್ದಂಗ ಐತಿ ನೋಡು" ಅಂದಳು ಒಮ್ಮೆ. "ಯಾವ ಸಂದಿ ಹೊಕ್ಕರೂ ಕಡೀಕ ನಮ್ಮ ಮನೀ ಕಟ್ಟೀಗೇ ಬರ್ತಿದ್ವಿ. ಈ ಸೆಕ್ಟರನ್ಯಾಗ ಎಲ್ಲಾ ನೆಟ್ಟಗ. ನೆಟ್ಟಗ ಹೋದ್ರೂ ಮನಿ ಸಿಗೂದಿಲ್ಲ." ಹಾಗೆ ಹೇಳಿ ಸ್ವಲ್ಪ ಹೊತ್ತು ಆಡುವುದನ್ನು ನಿಲ್ಲಿಸಿದಳು. ಕತ್ತಿವೀರ ಸೇತುವೆಯ ಮೇಲೆ ಸುಮ್ಮನೆ ನಿಂತಿದ್ದ.

ಬೇವೂರಿನಿಂದ ಕಾಕಾನ ಅಣ್ಣ ಬಂದಾಗ ಒಂದು ಹೊಲದ ಆಟ ಹಾಕಿ ತೋರಿಸಿದ್ದೆ. ಹಿರಿಯರಿಗೆ ಖುಷಿಯಾಗಲಿ ಎಂದು. ಬಿತ್ತುವುದು, ನೀರು ಹಾಯಿಸುವುದು, ಮೂರು ಗುಂಡಿ ಒತ್ತಿದರೆ ರಾಶಿ! ಹಿರಿಯರು ಅರ್ಧ ತಾಸು ನೋಡಿದರು. ಆಮೇಲೆ, "ಹಂದಿ ಎಲ್ಲಿ?" ಅಂದರು. ಹಂದಿ ಇಲ್ಲ ಅಂದೆ. "ಹುಳಾ?" ಇಲ್ಲ. "ಆಳು ಸಿಗಲಿಲ್ಲಂದ್ರ?" ಅದೂ ಇಲ್ಲ. "ಹಂಗಾದ್ರ ಇದು ಹೊಲಾ ಅಲ್ಲ ಬಿಡಪಾ, ಕುಂಡಿ" ಎಂದು ಎದ್ದು ಹೋಗಿ ಕೈ ತೊಳೆದುಕೊಂಡರು. ಕುಂಡಿ ಅಂದರೆ ಹೂವಿನ ಕುಂಡಿ ಎಂದು ತಕ್ಷಣ ಕಾಕಾ, ಆಟ ನೋಡಲು ಬಂದಿದ್ದ ಪಕ್ಕದ ಮನೆಯವರಿಗೆ ಸಮಜಾಯಿಷಿ ಕೊಡಬೇಕಾಯಿತು. ಸಣ್ಣವ್ವ ಮಾತ್ರ ಭಾವನವರ ಮಾತನ್ನು ತಿಂಗಳುಗಟ್ಟಲೆ ಹೇಳಿಕೊಂಡು ತಿರುಗಿದಳು. ಆಟದ ಬಗ್ಗೆ ತನ್ನನ್ನು ಬಿಟ್ಟರೆ ಸರಿಯಾಗಿ ಮಾತಾಡಿದವರು ಅವರೊಬ್ಬರೇ ಎಂಬುದು ಆಕೆಯ ತೀರ್ಪು.

ಕಾಕಾನಿಗೂ ಒಮ್ಮೆ ರಿಮೋಟು ಕೊಟ್ಟದ್ದುಂಟು. ಕಾರಿನ ಪಂದ್ಯದ ಆಟ. ಡ್ರೈವರಲ್ಲವೇ, ಬರುತ್ತದೆ ಅಂದುಕೊಂಡೆವು. ಪಂದ್ಯ ಶುರುವಾಯಿತು. ಎಲ್ಲ ಕಾರುಗಳೂ ಬಾಣದಂತೆ ಹೋದವು. ಕಾಕಾ ಮೊದಲು ಎರಡೂ ಬದಿಯ ಕನ್ನಡಿ ನೋಡಿದರು. ಆಮೇಲೆ ಸಾವಕಾಶ ಎಡಗಡೆಯಿಂದ ಹೊರಟರು. ತಿರುವಿನಲ್ಲಿ ಹಾರ್ನ್ ಹೊಡೆಯಲು ಗುಂಡಿ ಹುಡುಕಿದರು. ಹಿಂದೆ ಬಂದವನು ಬಲಗಡೆ ನುಗ್ಗಿದರೆ "ಹೋಗಪಾ, ನಿನಗ ಅವಸರ ಐತಿ" ಎಂದು ದಾರಿ ಬಿಟ್ಟರು. "ಏನ್ರಿ, ಇದು ಪಂದ್ಯ!" ಎಂದು ಸಣ್ಣವ್ವ ಕೂಗಿದರೆ, "ಪಂದ್ಯ ಇರಬಹುದು, ರಸ್ತಾ ಎಲ್ಲಾರದೂ" ಅಂದರು. ಎಲ್ಲರಿಗಿಂತ ಕೊನೆಗೆ ಬಂದು ಮುಟ್ಟಿ, ಕಾರು ನಿಲ್ಲಿಸಿ, ರಿಮೋಟು ನನ್ನ ಕೈಗಿಟ್ಟು ನಿರಾಳವಾದರು. ಮತ್ತೆ ಆ ಕಡೆ ಹಾಯಲಿಲ್ಲ. ಸಣ್ಣವ್ವ ಆಡುವಾಗ ಹಿಂದಿನ ಕುರ್ಚಿಯಲ್ಲಿ ಕೂತು ನೋಡುವುದಷ್ಟೇ ಅವರ ಆಟ.

ಬನಶಂಕರಿಗೆ ಹೋದಾಗಿನ ಕಥೆ ಹೇಳಬೇಕು. ಚೊಳಚಗುಡ್ಡದ ಹೊಂಡದ ಬದಿಯ ಕಲ್ಲುಮಂಟಪದಲ್ಲಿ ಕೂತು ಬುತ್ತಿ ಬಿಚ್ಚುವಾಗ, ಹಾಸುಗಲ್ಲಿನ ಮೇಲೆ ಯಾವ ಕಾಲದಲ್ಲೋ ಯಾರೋ ಗೀರಿದ ಹುಲಿ-ಕುರಿ ಆಟದ ಮನೆ ಆಕೆಯ ಕಣ್ಣಿಗೆ ಬಿತ್ತು. ಮುಗಿಯಿತು! ಕೈಯಲ್ಲಿನ ರೊಟ್ಟಿ ಕೈಯಲ್ಲೇ. "ನೋಡೋ, ಇದನ್ನ ಮಾಡಿದಾವ ಶಾಣ್ಯಾ. ಹುಲಿಗೆ ಬಲಾ ಕೊಟ್ಟಾನ, ಕುರಿಗೆ ಮಂದಿ ಕೊಟ್ಟಾನ. ಯಾರಿಗೂ ಪುಕಟ ಕೊಟ್ಟಿಲ್ಲ. ಯಾರ ಸೋತ್ರೂ ತಮ್ಮ ತಪ್ಪಿಗೇ ಸೋಲ್ತಾರ. ಆಟ ಅಂದ್ರ ಇದು." ಬಾದಾಮಿ ನೋಡಿ ಬಂದ ಯಾವುದೋ ಊರಿನ ಪ್ರವಾಸಿಗರು, ಇವರು ಗೈಡು ಇರಬೇಕೆಂದು ಸುತ್ತ ನಿಂತರು. ಸಣ್ಣವ್ವ ಅವರಿಗೆ ಹರಳು ಆರಿಸಿಕೊಟ್ಟು, ಎರಡು ಪಂಗಡ ಮಾಡಿ, ಆಡಿಸಿ, ಸೋತವರಿಗೆ ಯಾಕೆ ಸೋತಿರಿ ಎಂದು ಬಿಡಿಸಿ ಹೇಳಿದಳು. ನಾವು ಗುಡಿಯೊಳಗೆ ಹೋಗುವಷ್ಟರಲ್ಲಿ ಮಂಗಳಾರತಿ ಆಗಿಹೋಗಿತ್ತು. ಹರಕೆ ಹೊತ್ತು ಬಂದವಳು ನನ್ನ ಹೆಂಡತಿ, ಆಕೆಯ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಸಣ್ಣವ್ವ ಮಾತ್ರ, "ದೇವಿ ಎಲ್ಲಿ ಹೊಕ್ಕಾಳ? ಇಲ್ಲೇ ಇರ್ತಾಳ" ಎಂದು ಕೈ ಮುಗಿದು ಹೊರಟಳು.

ಇಷ್ಟೆಲ್ಲ ನಗುತ್ತ ಬರೆದೆ. ಇನ್ನು ಮುಂದಿನದು ಅಷ್ಟು ಸಲೀಸಾಗಿ ಬರುವುದಿಲ್ಲ.

ಆಕೆ ಕೋಟೆಯ ಬಾಗಿಲುಗಳನ್ನು ಒಂದೊಂದಾಗಿ ದಾಟುತ್ತ ಕೊನೆಯದರ ತನಕ ಹೋಗಿದ್ದಳು. ಅಷ್ಟರಲ್ಲಿ ಒಂದು ವಿಚಿತ್ರ ಶುರುವಾಯಿತು. ಕಣ್ಣು ಮುಚ್ಚಿ ದಾಟುತ್ತಿದ್ದ ಮೊದಲ ಸೇತುವೆಯಲ್ಲಿ ಸಣ್ಣವ್ವ ಬೀಳತೊಡಗಿದಳು. ಜಿಗಿಯುವುದು ಒಂದು ಚೂರು ತಡ, ಬಿದ್ದಳು. ಮತ್ತೆ ಬಿದ್ದಳು.

"ಇವರು ಆಟಾ ಬದಲ ಮಾಡ್ಯಾರ" ಅಂದಳು. "ಮೊದಲ ಈ ಸೇತುವಿ ಇಷ್ಟ ಸಣ್ಣ ಇರಲಿಲ್ಲ."

ನಾವು ನಂಬಿದೆವು! ಯಾಕೆ ನಂಬಬಾರದು? ಸಣ್ಣವ್ವ ತಪ್ಪು ಅಂದದ್ದು ಯಾವತ್ತೂ ತಪ್ಪೇ ಆಗಿರುತ್ತಿತ್ತು. ಈ ಆಟಗಳನ್ನು ಮಾಡಿದವರು ಆಗಾಗ ಇಂಟರ್ನೆಟ್ಟಿನ ಮೂಲಕ ಅವನ್ನು ತಿದ್ದುತ್ತಾರೆಂದು ನಾನೇ ಹಿಂದೆ ಆಕೆಗೆ ಹೇಳಿದ್ದೆ. ಹಾಗಾಗಿ ಮನೆಮಂದಿಯೆಲ್ಲ ಸೇರಿ ಆ ಕಾಣದ ಊರಿನ, ಕಾಣದ ಮನುಷ್ಯನನ್ನು ಬೈದೆವು. ಕಾಕಾ ಕೂಡ ಬೈದರು. ಅವರ ಬೈಗುಳವೆಂದರೆ "ಹಂಗ ಮಾಡಬಾರದಾಗಿತ್ತು" ಅನ್ನುವಷ್ಟೇ. ಆಮೇಲೆ ರಿಮೋಟಿನ ಮೇಲೆ ಸಂಶಯ ಬಂತು. ಮಾರ್ಕೆಟ್ಟಿನ ಮಿಕ್ಸರ್ ರಿಪೇರಿಯವನ ಹತ್ತಿರ ಒಯ್ದೆವು. ಅವನೂ ಸಣ್ಣವ್ವನ ಕೈಯಲ್ಲಿ ನಪಾಸಾದವನೇ. ಬಿಚ್ಚಿ, ಒರೆಸಿ, ಕೂಡಿಸಿ, "ಇದರಾಗ ಏನೂ ದೋಷ ಇಲ್ರಿ ಅಕ್ಕೋರ" ಅಂದ. "ನೀ ಸರಿಯಾಗಿ ನೋಡಿಲ್ಲ. ಸಾಲ್ಯಾಗೂ ಹಂಗ ಇದ್ದಿ" ಎಂದು ಬೈದು ಬಂದಳು. ಹೊರಗೆ ಬಂದು ಕಾರಿನ ಬಾಗಿಲು ತೆಗೆಯಲು ಹೋದಾಗ ಆಕೆಯ ಬಲಗೈ ಹಿಡಿಕೆಯ ಮೇಲೆ ತಟತಟ ಬಡಿದುಕೊಳ್ಳುತ್ತಿತ್ತು. ಕಾಕಾ ಅದನ್ನು ನೋಡಿದರು. ನಾನೂ ನೋಡಿದೆ.

ಆಮೇಲೆ ನೆನೆಸಿಕೊಂಡರೆ ಎಲ್ಲವೂ ಇತ್ತು. ಆ ಮನೆಯ ಅಡುಗೆಮನೆಯಿಂದ ದಿನಾ ಬೆಳಗ್ಗೆ ಕೇಳುವ ರೊಟ್ಟಿ ಬಡಿಯುವ ಸಪ್ಪಳದ ಲಯ ತಪ್ಪಿ ಬಹಳ ದಿನವಾಗಿತ್ತು. ರೊಟ್ಟಿಯ ಅಂಚು ಹರಿದು ಬರುತ್ತಿತ್ತು. ಕಾಕಾ ಅದನ್ನು ಸದ್ದಿಲ್ಲದೆ ತಿಂದು ಏಳುತ್ತಿದ್ದರು. ಆಕೆಯೂ ಹೇಳಲಿಲ್ಲ, ಅವರೂ ಕೇಳಲಿಲ್ಲ.

ದವಾಖಾನೆಗೆ ಕರೆದುಕೊಂಡು ಹೋದೆವು. ಡಾಕ್ಟರು ಯಾರು ಅಂತೀರಿ? ಆಕೆಯ ವಿದ್ಯಾರ್ಥಿಯೇ! ಒಂಬತ್ತನೇ ಇಯತ್ತೆಯ ಪರೀಕ್ಷೆಯೊಂದರಲ್ಲಿ ಒಂದೇ ಒಂದು ಮಾರ್ಕಿಗೆ ಆಕೆ ನಪಾಸು ಮಾಡಿದ್ದ ಹುಡುಗ. ಎದ್ದು ನಿಂತು ಕೈ ಮುಗಿದ. ನಡೆಸಿ ನೋಡಿದ, ಬೆರಳು ಆಡಿಸಲು ಹೇಳಿದ, ಹೆಸರು ಬರೆಯಿಸಿದ. ಕರಿಹಲಗೆಯ ಮೇಲೆ ಮುತ್ತು ಪೋಣಿಸಿದಂತೆ ಬರೆಯುತ್ತಿದ್ದವಳ ಅಕ್ಷರ ಇರುವೆ ಸಾಲಾಗಿತ್ತು. ಡಾಕ್ಟರು ಬಹಳ ಹೊತ್ತು ನರದ ಬಗ್ಗೆ, ವಯಸ್ಸಿನ ಬಗ್ಗೆ, ಹೊಸ ಹೊಸ ಗುಳಿಗೆಗಳ ಬಗ್ಗೆ ಮಾತಾಡಿ, "ಚಿಂತಿ ಮಾಡಬ್ಯಾಡ್ರಿ ಅಕ್ಕೋರ, ಎಲ್ಲಾ ಆರಾಮ ಆಗತೈತಿ" ಅಂದ.

"ನಿನ್ನ ಪೇಪರ್ ನಾ ನೋಡೇನಿ" ಅಂದಳು ಸಣ್ಣವ್ವ. "ಉತ್ತರ ಹೇಳಾಕ ಅಂಜಿಕಿ ಆದಾಗ ನೀ ಹಿಂಗ ಉದ್ದುದ್ದ ಬರೀತಿದ್ದಿ. ಖರೆ ಎಷ್ಟ ಐತಿ ಅಷ್ಟ ಹೇಳು. ಗ್ರೇಸ್ ಹಾಕಬ್ಯಾಡ."

ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ಗುಣಾ ಆಗೂದಲ್ರಿ ಇದು. ಗುಳಿಗೀಲೆ ಸ್ವಲ್ಪ ತಡೀಬಹುದು. ಮೊದಲ ಕೈ. ಆಮ್ಯಾಲ ನಡಿಗಿ. ಮುಂದ ಮುಂದ ದನೀನೂ ಸಣ್ಣ ಆಕ್ಕೋತ ಹೋಗತೈತಿ."

"ಹಾಂ" ಅಂದಳು. "ಈಗ ಪಾಸಾದಿ ನೋಡು."

ಡಾಕ್ಟರು ತಲೆ ತಗ್ಗಿಸಿ ಕೂತುಬಿಟ್ಟ. ಅವನ ಬೆನ್ನಿನ ಮೇಲೆ ಕೈಯಿಟ್ಟು ಸಮಾಧಾನ ಮಾಡಿದವಳೂ ಆಕೆಯೇ. ಮನೆಗೆ ಬರುವ ದಾರಿಯುದ್ದಕ್ಕೂ ಕಾಕಾ ಹಿಂದಿನ ಸೀಟಿನಲ್ಲಿ ಆಕೆಯ ಬಲಗೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡು ಕೂತಿದ್ದರು. ಹಿಡಿದರೆ ನಡುಗುವುದು ನಿಲ್ಲುತ್ತದೇನೋ ಎಂಬಂತೆ.

ಮನೆಗೆ ಬಂದವಳೇ ಆಕೆ ಟಿ.ವಿ. ಹಚ್ಚಿದಳು. "ಕಡೀ ಬಾಗಲಾ ಒಂದ ಉಳದೈತಿ" ಅಂದಳು. "ಕೈ ಕೇಳೂತನಕ ನಾನ ದಾಟತೇನಿ. ಆಮ್ಯಾಲ ಏನ ಆಗೂದೈತಿ ಆಗಲಿ."

ಅಲ್ಲಿಂದ ಮುಂದೆ ಅದು ಆಟವಾಗಿ ಉಳಿಯಲಿಲ್ಲ. ಕೈ ಒಂದು ಕಡೆ, ರಾಕ್ಷಸ ಒಂದು ಕಡೆ, ನಡುವೆ ಸಣ್ಣವ್ವ. ಗುಳಿಗೆ ನುಂಗಿ, ಅದು ಹತ್ತುವ ಹೊತ್ತು ನೋಡಿಕೊಂಡು ಕೂರುವಳು. ಕಾಕಾ ಬಿಸಿ ಎಣ್ಣೆ ಹಚ್ಚಿ ಮಣಿಕಟ್ಟು ತಿಕ್ಕಿ ಕೊಡುವರು. ರೊಟ್ಟಿಯ ಕೆಲಸವೂ ಈಗ ಕಾಕಾನದೇ. ಒಂದೊಂದು ರೊಟ್ಟಿ ಒಂದೊಂದು ತಾಲೂಕಿನ ಆಕಾರ! "ಇವತ್ತ ಹುನಗುಂದ ತಿಂದೆ, ನಾಳಿ ಬಾದಾಮಿ" ಎಂದು ಸಣ್ಣವ್ವ ನಗುತ್ತಿದ್ದಳು. ಆದರೆ ರಾಕ್ಷಸನ ಎದುರು ನಿಂತಾಗ ನಗು ಇರುತ್ತಿರಲಿಲ್ಲ. ಅವನು ಯಾವಾಗ ಕೊಡಲಿ ಎತ್ತುತ್ತಾನೆ, ಯಾವಾಗ ಇಳಿಸುತ್ತಾನೆ, ಎಲ್ಲ ಆಕೆಗೆ ಬಾಯಿಪಾಠ. ಬುದ್ಧಿ ಸರಿಯಾದ ಹೊತ್ತಿಗೇ ಹೇಳುತ್ತಿತ್ತು. ಬೆರಳು ಕೇಳುತ್ತಿರಲಿಲ್ಲ. ಉತ್ತರ ಗೊತ್ತಿದ್ದೂ ಬರೆಯಲಾಗದಂಥ ಸೋಲು. ಅದನ್ನು ನೋಡುತ್ತ ಕೂರುವುದು ನನಗೇ ಕಷ್ಟವಾಗಿ ಎದ್ದು ಅಂಗಳಕ್ಕೆ ಹೋಗಿಬಿಡುತ್ತಿದ್ದೆ.

ಒಂದು ಸಲ ಬಾಯಿ ತಪ್ಪಿ, "ಸಾಧಾರಣಕ್ಕರೆ ಇಳಸೂಣೇನು ಸಣ್ಣವ್ವ?" ಅಂದೆ. ಆಕೆ ತಿರುಗಿ ಕೂಡ ನೋಡಲಿಲ್ಲ. "ನಿನ್ನ ಹೇಂತಿ ಕಾಯಾಕತ್ತಿರಬೇಕ, ಮನಿಗೆ ಹೋಗು" ಅಂದಳು. ಹೋದೆ.

ಆಮೇಲೊಂದು ಭಾನುವಾರ ನಾನೂ ಅಲ್ಲೇ ಇದ್ದೆ. ಸಣ್ಣವ್ವ ಆಡಲು ಕೂತಳು. ಕಾವಲುಗಾರ ಒಂದೇ ಏಟಿಗೆ ಉರುಳಿದ. ಹುಬ್ಬು ಗಂಟಿಕ್ಕಿದಳು. ರಾಕ್ಷಸ ಬಂದ. ನಡುಗುವ ಬೆರಳಿನಿಂದ ಎಲ್ಲೋ ಒತ್ತಿದಳು, ಎಲ್ಲೋ ತಾಗಿತು. ಮತ್ತೆ ತಾಗಿತು. ಕೊಡಲಿಯೇಟು ಬಿದ್ದರೂ ಕತ್ತಿವೀರ ಸಾಯಲಿಲ್ಲ. ರಾಕ್ಷಸ ಮೊಳಕಾಲೂರಿ ಬಿದ್ದ. ವಾದ್ಯ ಮೊಳಗಿತು. ಆ ಕೊನೆಯ ಬಾಗಿಲು ತೆರೆಯಿತು.

ಕಾಕಾ ಚಪ್ಪಾಳೆ ತಟ್ಟಿದರು. ಅವರು ಚಪ್ಪಾಳೆ ತಟ್ಟಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಯಾರ ಇಳಿಸಿದ್ರು?" ಅಂದಳು ಸಣ್ಣವ್ವ.

ಚಪ್ಪಾಳೆ ನಿಂತಿತು. ಕಾಕಾ, "ನಾನ" ಅಂದರು. ಹಿಂದಿನ ಕುರ್ಚಿಯಲ್ಲಿ ಕೂತು ನೋಡಿ ನೋಡಿಯೇ ಯಾವ ಗುಂಡಿ ಎಲ್ಲಿ ಅನ್ನುವುದನ್ನು ತಿಳಿದುಕೊಂಡು, ಆಕೆ ಕೂರುವ ಮುಂಚೆಯೇ ಆಟವನ್ನು ಸುಲಭಕ್ಕೆ ಇಳಿಸಿಟ್ಟಿದ್ದರು. ಇಡೀ ಸಂಸಾರದಲ್ಲಿ ಆಕೆಗೆ ಹೇಳದೆ ಮಾಡಿದ ಕೆಲಸ ಅದೊಂದೇ ಇರಬೇಕು. "ದಿನಾ ಬೀಳಾಕತ್ತಿದ್ದಿ. ನನಗ ನೋಡಾಕ ಆಗಲಿಲ್ಲ."

"ಸೋತಿದ್ರ, ಆ ಸೋಲು ನಂದ ಇರ್ತಿತ್ತರಿ" ಅಂದಳು ಸಣ್ಣವ್ವ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. "ಈ ಕೈಯಾಗ ಮತ್ತೇನೂ ಉಳಿದಿದ್ದಿಲ್ಲ. ಅದನ್ನೂ ಕಸಗೊಂಡ್ರಿ."

ರಿಮೋಟು ಕೆಳಗಿಟ್ಟಳು. ಡಬ್ಬಿಯ ಮೇಲೆ ಹಳೆಯ ಸೀರೆಯ ತುಂಡೊಂದನ್ನು ಹೊದಿಸಿದಳು. ಮಧ್ಯಾಹ್ನಗಳಲ್ಲಿ ಆ ಮನೆ ಮೌನವಾಯಿತು. ನಾನು ಹೋದರೆ ಕಾಕಾ ಗೇಟಿನ ಹತ್ತಿರ ನಿಂತಿರುತ್ತಿದ್ದರು, ಒಳಗೆ ಹೋಗಲು ಅಂಜಿ ನಿಂತವರ ಹಾಗೆ. ಮಾತಾಡುವವಳು ಮಾತು ಬಿಟ್ಟರೆ ಕೇಳುವವನು ಏನು ಮಾಡಬೇಕು? ಪಾಪ, ಅವರಿಗೆ ಅದೊಂದು ಕೆಲಸ ಬಿಟ್ಟು ಬೇರೆ ಏನೂ ಬರುತ್ತಿರಲಿಲ್ಲ.

ಅದೇ ಹೊತ್ತಿಗೆ ನನಗೆ ಇಳಕಲ್ಲಿನ ಶಾಖೆಗೆ ವರ್ಗವಾಯಿತು. ನವನಗರಕ್ಕೆ ಹೋಗುವುದು ಕಡಿಮೆಯಾಯಿತು. ಫೋನಿನಲ್ಲಿ ಸಣ್ಣವ್ವನ ದನಿ ಹೋದ ಸಲಕ್ಕಿಂತ ಈ ಸಲ ಸಣ್ಣ, ಈ ಸಲಕ್ಕಿಂತ ಮುಂದಿನ ಸಲ ಸಣ್ಣ. ತರಗತಿಯ ಕೊನೆಯ ಬೆಂಚಿನವನನ್ನೂ ಎದ್ದು ಕೂರಿಸುತ್ತಿದ್ದ ದನಿ ಅದು! ಕಡೆಕಡೆಗೆ ಕಾಕಾ ಫೋನು ತೆಗೆದುಕೊಂಡು, "ಆರಾಮ ಅದಾಳಂತ" ಎಂದು ಆಕೆಯ ಮಾತನ್ನು ಮುಟ್ಟಿಸತೊಡಗಿದರು.

ಹೋದ ತಿಂಗಳು ರಜೆ ಸಿಕ್ಕಿತು, ಹೋದೆ. ಬಾಗಿಲು ತೆರೆದೇ ಇತ್ತು. ಒಳಗೆ ಹೆಜ್ಜೆಯಿಟ್ಟವನು ಹಾಗೇ ನಿಂತೆ. ಟಿ.ವಿ.ಯಲ್ಲಿ ಕೋಟೆಯ ಮೊದಲ ಸೇತುವೆ. ರಿಮೋಟು ಕಾಕಾನ ಕೈಯಲ್ಲಿ! ಬಸ್ಸಿನ ಸ್ಟೇರಿಂಗು ಹಿಡಿದವರ ಹಾಗೆ ಮೈಯನ್ನೆಲ್ಲ ಬಲಕ್ಕೂ ಎಡಕ್ಕೂ ವಾಲಿಸುತ್ತ, ಬೆವರುತ್ತ ಕೂತಿದ್ದಾರೆ. ಸಣ್ಣವ್ವ ಪಕ್ಕದ ಮಂಚದ ಮೇಲೆ ದಿಂಬಿಗೆ ಒರಗಿದ್ದಾಳೆ. ಕೈಗಳು ಹೊದಿಕೆಯ ಒಳಗಿವೆ.

"ಏನ್ರಿ, ಅಂವಾ ಕತ್ತಿ ತಗೊಂಡು ಬರಾಕತ್ತಾನ. ಅವ್ಗ ದಾರಿ ಬಿಡಬ್ಯಾಡ್ರಿ!"

"ಅವಸರ ಇರಬೇಕ ಅಂತ..."

"ನಿಮ್ಮನ್ನ ಕೊಲ್ಲೂ ಅವಸರ ಅವ್ಗ!"

ಕಾವಲುಗಾರ ಕಾಕಾನನ್ನು ಕಡಿದ. ಕಾಕಾ ಅವನಿಗೆ ಕ್ಷಮೆ ಕೇಳುವವರಂತೆ ನೋಡಿದರು. ನನ್ನನ್ನು ಕಂಡು ನಾಚಿಕೊಂಡು ರಿಮೋಟು ಕೆಳಗಿಟ್ಟು, ಚಹಾ ಮಾಡಿ ತರುತ್ತೇನೆಂದು ಎದ್ದು ಒಳಗೆ ಹೋದರು.

ನಾನು ಮಂಚದ ಅಂಚಿಗೆ ಕೂತೆ. ಸತ್ತಾಗ ಬರುವ ಪರದೆಯ ಮೇಲೆ 'ಕಠಿಣ' ಎಂದು ಬರೆದಿತ್ತು. ಪಾಪದ ಮನುಷ್ಯ! ಆಟದ ಕಾರನ್ನೇ ಓಡಿಸಲು ಬಾರದವರನ್ನು ಕೋಟೆಗೆ ಕಳಿಸುವುದೇ? "ಸಣ್ಣವ್ವ, ಅವರಿಗರೆ ಸುಲಭದ್ದ ಹಾಕಿ ಕೊಡು. ಹಿಂಗಾದ್ರ ಅವರು ಈ ಸೇತುವಿ ದಾಟೂದು ಯಾವಾಗ, ಕಡೀ ಬಾಗಲಾ ನೋಡೂದು ಯಾವಾಗ?" ಅಂದೆ.

ಆಕೆ ಅಡುಗೆಮನೆಯ ಕಡೆ ನೋಡಿದಳು. ಒಳಗೆ ಕಾಕಾ ಚಹಾಪುಡಿಯ ಡಬ್ಬಿ ಹುಡುಕುವ ಸಪ್ಪಳ ಕೇಳುತ್ತಿತ್ತು. ದನಿ ಎಷ್ಟು ಇಳಿದಿತ್ತೆಂದರೆ ನಾನು ಬಾಗಿ ಕಿವಿಗೊಡಬೇಕಾಯಿತು.

"ಸುಲಭದ್ದ ಹಾಕಿದ್ರ ಲಗೂ ಮುಗಿಸಿ ಕುಂದರ್ತಾರೋ ತಮ್ಮಾ. ನಾ ಹೋದಮ್ಯಾಲ ಅವರಿಗೆ ಭಾಳ ಹೊತ್ತ ಇರತೈತಿ. ಮಾತಾಡಾವ್ರಲ್ಲ. ಮಂದಿ ಮನಿಗೆ ಹೋಗಾವ್ರಲ್ಲ. ಮುಂಜಾನೆದ್ದು ಏನ್ ಮಾಡಬೇಕ? ಇದು ವರ್ಷಗಟ್ಟಲೆ ಸಾಲಬೇಕ ಅವರಿಗೆ."

ಉಸಿರು ತೆಗೆದುಕೊಳ್ಳಲು ನಿಂತಳು.

"ಮತ್ತ, ದನಿ ಇರೂದ್ರಾಗ ಎಲ್ಲಾ ಹೇಳಿ ಇಡಬೇಕಲ್ಲ. ಇಲ್ಲಿ ಜಿಗೀರಿ, ಇಲ್ಲಿ ತಡೀರಿ, ಇಲ್ಲಿ ಬಗ್ಗರಿ ಅಂತ. ನಾಳಿ ನಾ ಇಲ್ಲದಾಗ ಆ ಸೇತುವಿಗೆ ಬಂದ್ರ, ನಾ ಬೈದದ್ದು ಕಿವ್ಯಾಗ ಬರತೈತಿ. ಮನ್ಯಾಗ ಒಬ್ಬರ ಅನಸೂದಿಲ್ಲ."

ಹೊದಿಕೆಯ ಮೇಲಿನಿಂದಲೇ ಆಕೆಯ ಕೈ ಹಿಡಿದುಕೊಂಡೆ. ಅದು ನನ್ನ ಕೈಯನ್ನೂ ನಡುಗಿಸಿತು.

ಕಾಕಾ ಚಹಾ ತಂದರು. ಬಸಿಯಲ್ಲಿ ಆರಿಸಿ, ಆಕೆಯ ತುಟಿಗೆ ಹಿಡಿದು, ಸೆರಗಿನ ಮೇಲೆ ಬಿದ್ದ ಹನಿಯನ್ನು ತಮ್ಮ ಪಂಚೆಯಿಂದ ಒರೆಸಿದರು. ಆಮೇಲೆ ಮೂಗಿನ ಮೇಲೆ ಕನ್ನಡಕ ಸರಿಮಾಡಿಕೊಂಡು ರಿಮೋಟು ಎತ್ತಿಕೊಂಡರು.

"ಎಲ್ಲಿದ್ವಿ ನಾವು?" ಅಂದರು.

ಸಣ್ಣವ್ವ ಏನೋ ಹೇಳಿದಳು. ಕಾವಲುಗಾರರ ಕೂಗಾಟ, ಕತ್ತಿಯ ಖಣಖಣದಲ್ಲಿ ನನಗೆ ಕೇಳಿಸಲಿಲ್ಲ. ಕಾಕಾನಿಗೂ ಕೇಳಿಸಲಿಲ್ಲ. ಅವರು ಟಿ.ವಿ.ಯ ಸಪ್ಪಳವನ್ನು ಪೂರ್ತಿ ಆರಿಸಿ, ತಮ್ಮ ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು, "ಇನ್ನೊಮ್ಮೆ ಹೇಳು" ಅಂದರು.